ಕಿಟಕಿಯೊಂದು, ಅರ್ಥ ಹಲವು

ಮನೆ ಕಟ್ಟಲು ಹೊರಟವರನ್ನು ಮೇಸ್ತ್ರಿ ಮೊದಲೇ ಕೇಳುವ ಪ್ರಶ್ನೆಗಳಲ್ಲಿ ಇದೊಂದು: ಕಿಟಕಿ ಎಲ್ಲೆಲ್ಲಿ, ಅಳತೆ ಎಷ್ಟೆಷ್ಟು? ಗೋಡೆ ಏಳುವ ಮುನ್ನವೇ ಕಿಟಕಿಯ ಲೆಕ್ಕ ಮುಗಿದಿರಬೇಕು. ಬಾಗಿಲಾದರೋ ಜನ ಓಡಾಡಲಿಕ್ಕೆ. ಕಿಟಕಿಯ ಕೆಲಸ ಅಷ್ಟು ಸರಳವಲ್ಲ. ಗಾಳಿ ಬರಬೇಕು, ಕಳ್ಳ ಬರಬಾರದು. ಬೆಳಕು ಬರಬೇಕು, ಮಳೆ ಬರಬಾರದು. ಬೀದಿ ಮನೆಯವರಿಗೆ ಕಾಣಬೇಕು, ಮನೆ ಬೀದಿಯವರಿಗೆ ಅಷ್ಟಾಗಿ ಕಾಣಬಾರದು. ಕೆಲವನ್ನು ಬಿಟ್ಟು ಕೆಲವನ್ನು ತಡೆಯುವ ಇಂಥ ತೆರಪಿಗೆ ಕಿಟಕಿ ಎಂದು ಹೆಸರು.

ಈ ಪುಟ್ಟ ಪದವನ್ನು ಖಗೋಳ ವಿಜ್ಞಾನಿಗಳು, ವೈದ್ಯರು, ರಾಕೆಟ್ ಹಾರಿಸುವವರು, ಸೈನಿಕರು, ಕಂಪ್ಯೂಟರಿನವರು ಎಲ್ಲರೂ ಎರವಲು ಪಡೆದಿದ್ದಾರೆ. ಒಬ್ಬೊಬ್ಬರ ಕೈಯಲ್ಲಿ ಅದಕ್ಕೆ ಒಂದೊಂದು ಅರ್ಥ. ಆದರೆ ಬಹುಪಾಲು ಕಡೆ ಬಿಡುವುದು ಮತ್ತು ತಡೆಯುವುದು ಎಂಬ ಜೋಡಿ ಗುಣವೇ ಪದದ ಜೀವಾಳ. ಬಿಡುವುದನ್ನಷ್ಟೇ ನೆನಪಿಟ್ಟುಕೊಂಡು ತಡೆಯುವುದನ್ನು ಮರೆತರೆ ಕೆಲವೊಮ್ಮೆ ಪ್ರಾಣಕ್ಕೇ ಅಪಾಯ ಬರುವುದುಂಟು.

ಗಾಳಿಗಣ್ಣು, ಗೋವಿನ ಕಣ್ಣು

ಮೊದಲು ಪದದ ಕಥೆ. ಇಂಗ್ಲಿಷಿನ ವಿಂಡೋ ಅಚ್ಚ ಇಂಗ್ಲಿಷ್ ಪದವಲ್ಲ. ಅದು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಅಲ್ಲಿ ಅದರ ರೂಪ ವಿಂದೌಗ. ವಿಂದ್ ಎಂದರೆ ಗಾಳಿ, ಔಗ ಎಂದರೆ ಕಣ್ಣು. ಕಿಟಕಿ ಎಂದರೆ ಗಾಳಿಗಣ್ಣು. ಇತ್ತ ಸಂಸ್ಕೃತದಲ್ಲಿ ಅದು ಗವಾಕ್ಷ, ಅಂದರೆ ಗೋವಿನ ಕಣ್ಣು. ಸಂಸ್ಕೃತದ್ದೇ ಇನ್ನೊಂದು ಪದ ವಾತಾಯನ, ಗಾಳಿಯ ದಾರಿ. ಸ್ಪೇನಿನವರ ವೆಂತಾನ ಎಂಬ ಪದದೊಳಗೂ ಗಾಳಿಯೇ ಇದೆ. ಒಬ್ಬರ ಮುಖವನ್ನೊಬ್ಬರು ಕಾಣದ ಜನ ಗೋಡೆಯ ತೂತನ್ನು ನೋಡಿ ಕಣ್ಣು ಎಂದೂ ಗಾಳಿ ಎಂದೂ ಕರೆದದ್ದು ಸೋಜಿಗವೇ ಸರಿ. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಕಿಟಕಿಯೆಂದರೆ ಹೊಗೆ ಹೋಗಲು, ಗಾಳಿ ಬರಲು ಬಿಟ್ಟ ಬರಿಯ ಕಂಡಿಯೇ ಆಗಿತ್ತು.

ಪೋರ್ಚುಗೀಸರ ಜನೇಲಾ ಹಡಗು ಹತ್ತಿ ಬಂದು ಕೊಂಕಣಿಯಲ್ಲಿ ಜನೇಲ್ ಆಯಿತು, ತಮಿಳಿನಲ್ಲಿ ಜನ್ನಲ್ ಆಯಿತು. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಪುಟ್ಟ ಬಾಗಿಲು. ಹಿಂದೆ ಮುಂದೆ ಎರಡು ಮುಖವಿರುವ ರೋಮನ್ನರ ದ್ವಾರದೇವತೆ ಜೇನಸ್, ಅವನ ಹೆಸರಿನ ಜನವರಿ ತಿಂಗಳು, ಇವೆಲ್ಲ ಅದೇ ಪದದ ಬಳಗ. ಕನ್ನಡದ ಕಿಟಕಿ ಹಿಂದಿ, ಮರಾಠಿಗಳ ಖಿಡಕಿಯ ನೆಂಟ. ಇದಲ್ಲದೆ ಕನ್ನಡಕ್ಕೆ ಕಿಂಡಿ ಇದೆ, ಬೆಳಕಿಂಡಿ ಇದೆ. ಉಡುಪಿಯ ಕನಕನ ಕಿಂಡಿಯನ್ನು ಅರಿಯದ ಕನ್ನಡಿಗರಿಲ್ಲ. ಕರಾವಳಿಯ ರೈತರಿಗೆ ಕಿಂಡಿ ಅಣೆಕಟ್ಟು ಗೊತ್ತು. ಮಳೆಗಾಲದಲ್ಲಿ ಅದರ ಕಿಂಡಿಗಳನ್ನು ತೆರೆದಿಟ್ಟು ನೆರೆನೀರನ್ನು ಹರಿಯಬಿಡುತ್ತಾರೆ. ಮಳೆ ಹಿಂದೆಗೆದ ಮೇಲೆ ಹಲಗೆ ಇಳಿಸಿ ನೀರನ್ನು ನಿಲ್ಲಿಸುತ್ತಾರೆ. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದೇ ಆ ಕಿಂಡಿಯ ಶಾಸ್ತ್ರ.

ಕಿವಿಯೊಳಗಿನ ಜೋಡಿ ಕಿಟಕಿ

ಪ್ರತಿಯೊಬ್ಬರ ತಲೆಯೊಳಗೂ ನಾಲ್ಕು ಕಿಟಕಿಗಳಿವೆ, ಕಿವಿಗೆ ಎರಡರಂತೆ. ಒಂದರ ಹೆಸರು ಅಂಡಾಕಾರದ ಕಿಟಕಿ, ಇನ್ನೊಂದರದು ದುಂಡು ಕಿಟಕಿ. ಅಂಗರಚನಾ ಶಾಸ್ತ್ರದವರು ಇಟ್ಟ ಹೆಸರುಗಳೇ ಇವು.

ಗಾಳಿಯಲ್ಲಿ ಬರುವ ಶಬ್ದ ನೀರನ್ನು ಹೊಗುವುದು ಸುಲಭವಲ್ಲ. ನೀರಿನ ಮೇಲ್ಮೈಗೆ ಬಡಿದ ಶಬ್ದಶಕ್ತಿಯಲ್ಲಿ ನೂರಕ್ಕೆ 99.9 ಪಾಲು ಹಿಂದಕ್ಕೆ ಪುಟಿಯುತ್ತದೆ. ಕೆರೆಯಲ್ಲಿ ಮುಳುಗಿರುವ ಹುಡುಗನಿಗೆ ದಂಡೆಯ ಮೇಲಿಂದ ಕರೆಯುವ ತಾಯಿಯ ದನಿ ಕೇಳಿಸದಿರುವುದು ಇದಕ್ಕೇ. ಆದರೆ ಶಬ್ದವನ್ನು ಗ್ರಹಿಸುವ ನರಕೋಶಗಳಿರುವುದು ಒಳಗಿವಿಯ ದ್ರವದಲ್ಲಿ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಮೂಳೆಯ ಕೊಳವೆಯೊಳಗೆ. ಹಾಗಿದ್ದರೆ ಶಬ್ದ ಅಲ್ಲಿಗೆ ತಲುಪುವುದು ಹೇಗೆ?

ಪ್ರಕೃತಿ ಹೂಡಿದ ಉಪಾಯ ಹೀಗಿದೆ. ಕಿವಿಯ ತಮಟೆ ಶಬ್ದಕ್ಕೆ ಅದುರುತ್ತದೆ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಆ ಅದುರನ್ನು ಅಂಡಾಕಾರದ ಕಿಟಕಿಗೆ ಒಯ್ಯುತ್ತವೆ. ತಮಟೆಯ ಅದುರುವ ಭಾಗದ ವಿಸ್ತೀರ್ಣ ಸುಮಾರು 55 ಚದರ ಮಿಲಿಮೀಟರು. ಕಿಟಕಿಯದು ಮೂರು ಚದರ ಮಿಲಿಮೀಟರಿಗೆ ತುಸು ಹೆಚ್ಚು. ದೊಡ್ಡ ಜಾಗದ ಬಲವನ್ನೆಲ್ಲ ಚಿಕ್ಕ ಜಾಗದ ಮೇಲೆ ಹೇರಿದರೆ ಒತ್ತಡ ಹೆಚ್ಚುತ್ತದೆ. ಮೊಂಡು ಮೊಳೆ ಗೋಡೆಗೆ ಇಳಿಯದು, ಚೂಪು ಮೊಳೆ ಇಳಿಯುತ್ತದೆ, ಅದೇ ನಿಯಮ. ಮೂಳೆಗಳ ಸನ್ನೆಯ ಲಾಭವನ್ನೂ ಸೇರಿಸಿದರೆ ಒತ್ತಡ ಸುಮಾರು 22 ಪಟ್ಟು ಏರುತ್ತದೆ.

ಇನ್ನು ದುಂಡು ಕಿಟಕಿ ಏಕೆ? ಬಾಯಿತನಕ ನೀರು ತುಂಬಿದ ಬಾಟಲಿಗೆ ಬಿರಡೆ ಒತ್ತಲು ಹೋದರೆ ಉತ್ತರ ಸಿಗುತ್ತದೆ. ಬಿರಡೆ ಇಳಿಯದು. ನೀರನ್ನು ಹಿಂಡಿ ಕುಗ್ಗಿಸಲಾಗದು, ಅದಕ್ಕೆ ಸರಿಯಲು ಜಾಗ ಬೇಕು. ಅಂಡಾಕಾರದ ಕಿಟಕಿ ಒಳಕ್ಕೆ ತಳ್ಳಿದಾಗ ದುಂಡು ಕಿಟಕಿಯ ತೆಳುಪೊರೆ ಹೊರಕ್ಕೆ ಉಬ್ಬುತ್ತದೆ, ದ್ರವ ಅಲುಗುತ್ತದೆ, ಶಬ್ದ ಕೇಳಿಸುತ್ತದೆ. ಎದುರು ಗೋಡೆಯಲ್ಲಿ ಇನ್ನೊಂದು ಕಿಟಕಿ ಇಲ್ಲದ ಕೋಣೆಗೆ ಗಾಳಿ ನುಗ್ಗದು ಎಂಬ ಹಳ್ಳಿಯ ಮೇಸ್ತ್ರಿಯ ಮಾತು ಕಿವಿಗೂ ಒಪ್ಪುತ್ತದೆ.

ಕೆಲವರಲ್ಲಿ ರಿಕಾಪು ಮೂಳೆ ಬೆಳೆದು ಈ ಕಿಟಕಿಗೇ ಅಂಟಿಕೊಂಡುಬಿಡುತ್ತದೆ. ಕಿಟಕಿ ಜಾಮ್ ಆದಂತೆ. ನರಗಳು ಚೆನ್ನಾಗಿದ್ದರೂ ಕಿವಿ ಮಂದವಾಗುತ್ತದೆ. 1938ರಲ್ಲಿ ಅಮೆರಿಕದ ವೈದ್ಯ ಜೂಲಿಯಸ್ ಲೆಂಪರ್ಟ್ ಒಳಗಿವಿಯ ಮೂಳೆಯಲ್ಲಿ ಹೊಸದೊಂದು ಕಿಟಕಿಯನ್ನೇ ಕೊರೆಯುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದ. 1956ರಲ್ಲಿ ಜಾನ್ ಶೇ ಅಂಟಿದ ಮೂಳೆಯನ್ನು ತೆಗೆದು ಕೃತಕ ರಿಕಾಪನ್ನು ಜೋಡಿಸಿದ. ಆ ಬಳಿಕ ಹೊಸ ಕಿಟಕಿ ಕೊರೆಯುವ ಪದ್ಧತಿ ಹಿಂದೆ ಸರಿಯಿತು.

ಆಕಾಶದ ಕಿಟಕಿಗಳು

ತಲೆಯ ಮೇಲಿನ ಆಕಾಶ ಬಯಲು ಎಂದು ತೋರುತ್ತದೆ. ವಾಸ್ತವವಾಗಿ ಅದು ಗೋಡೆ. ಸೂರ್ಯ ಮತ್ತು ನಕ್ಷತ್ರಗಳು ಬೀರುವ ಗಾಮಾ ಕಿರಣ, ಎಕ್ಸ್ ಕಿರಣ, ನೇರಳಾತೀತ ಕಿರಣಗಳ ಬಹುಭಾಗ, ಅವಕೆಂಪು ಕಿರಣಗಳ ದೊಡ್ಡ ಪಾಲು ಇವನ್ನೆಲ್ಲ ವಾಯುಮಂಡಲ ತಡೆಯುತ್ತದೆ. ಈ ಗೋಡೆಯಲ್ಲಿ ಕೆಲವೇ ಕಿಟಕಿಗಳಿವೆ. ಒಂದು, ಕಣ್ಣಿಗೆ ಕಾಣುವ ಬೆಳಕಿನದು. ಗೆಲಿಲಿಯೋನಿಂದ ಮೊದಲುಗೊಂಡು ಮುನ್ನೂರು ವರ್ಷಕಾಲ ಖಗೋಳ ವಿಜ್ಞಾನವೆಲ್ಲ ನಡೆದದ್ದು ಮುಖ್ಯವಾಗಿ ಈ ಒಂದೇ ಕಿಟಕಿಯಿಂದ ಇಣುಕಿ.

ಎರಡನೆಯದು ರೇಡಿಯೋ ಕಿಟಕಿ. 1930ರ ದಶಕದ ಆರಂಭದಲ್ಲಿ ಕಾರ್ಲ್ ಜಾನ್ಸ್ಕಿ ಎಂಬ ಅಮೆರಿಕದ ಎಂಜಿನಿಯರ್ ದೂರದ ರೇಡಿಯೋ ಸಂಪರ್ಕಕ್ಕೆ ಅಡ್ಡಿಯಾಗುವ ಕರಕರ ಸದ್ದಿನ ಮೂಲವನ್ನು ಹುಡುಕುತ್ತಿದ್ದ. ಒಂದು ಬಗೆಯ ಸದ್ದು ದಿನವೂ ನಾಲ್ಕು ನಿಮಿಷ ಮುಂಚಿತವಾಗಿ ಬರುತ್ತಿತ್ತು. ನಕ್ಷತ್ರಗಳು ಕೂಡ ದಿನಕ್ಕೆ ನಾಲ್ಕು ನಿಮಿಷ ಮುಂಚೆ ಮೂಡುತ್ತವೆ. ಸದ್ದು ಬರುತ್ತಿದ್ದುದು ಆಕಾಶಗಂಗೆಯಿಂದ ಎಂದು ಆತ ಕಂಡುಕೊಂಡ.

ಈ ಕಿಟಕಿಯ ಒಂದು ಅಂಚಿನ ಬಳಿ ಕರ್ನಾಟಕದಲ್ಲೂ ಒಂದು ಕಣ್ಣು ನೆಟ್ಟಿದ್ದರು. ಗೌರಿಬಿದನೂರಿನ ಸಮೀಪ ಬಯಲಿನಲ್ಲಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಹರಡಿ 1970ರ ದಶಕದಲ್ಲಿ ಕಟ್ಟಿದ ದೂರದರ್ಶಕ ಅದು. ಪೂರ್ವ ಪಶ್ಚಿಮದ ತೋಳಿನ ಉದ್ದವೇ 1.4 ಕಿಲೋಮೀಟರು. ಅದು ಆಲಿಸುತ್ತಿದ್ದ ಅಲೆಗಳ ಉದ್ದ ಎಂಟೂಮುಕ್ಕಾಲು ಮೀಟರಿನಷ್ಟು. ಅಲೆಗಳು ಇನ್ನೂ ಬಹಳ ಉದ್ದವಾದರೆ ವಾಯುಮಂಡಲದ ಮೇಲಿನ ವಿದ್ಯುತ್ ಕಣಗಳ ಪದರ ಅವನ್ನು ಬಾಹ್ಯಾಕಾಶಕ್ಕೇ ಹಿಂದಿರುಗಿಸುತ್ತದೆ. ಅದೇ ಪದರ ನೆಲದಿಂದ ಹೋದ ಅಲೆಗಳನ್ನು ನೆಲಕ್ಕೇ ಹಿಂದಿರುಗಿಸುತ್ತದೆ. ಒಂದು ಕಾಲದಲ್ಲಿ ರೇಡಿಯೋ ಸಿಲೋನಿನ ಬಿನಾಕಾ ಗೀತ್‌ಮಾಲಾ ಭಾರತದ ಮೂಲೆ ಮೂಲೆಗೆ ಕೇಳಿಸಿದ್ದು ಆ ಗೋಡೆಯ ದಯೆಯಿಂದ. ಕಿಟಕಿ ಒಬ್ಬರಿಗೆ ಬೇಕು, ಗೋಡೆ ಇನ್ನೊಬ್ಬರಿಗೆ.

ಭೂಮಿಯ ಬೆವರು ಆರುವ ಕಿಟಕಿ

ಮೂರನೆಯ ಕಿಟಕಿ ಹೆಚ್ಚು ಜನರಿಗೆ ತಿಳಿಯದು. ಆದರೆ ಈಗ ಚಿಂತೆಗೆ ಕಾರಣವಾಗಿರುವುದು ಅದೇ. ಹಗಲು ಬಿಸಿಲಿಗೆ ಕಾದ ನೆಲ ತನ್ನ ಶಾಖವನ್ನು ಅವಕೆಂಪು ಕಿರಣಗಳಾಗಿ ಹೊರಸೂಸುತ್ತದೆ. ಗಾಳಿಯಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡು ಅದರ ಬಹುಭಾಗವನ್ನು ಹೀರಿಕೊಳ್ಳುತ್ತವೆ. ಆದರೆ ತರಂಗದೂರ 8ರಿಂದ 13 ಮೈಕ್ರಾನುಗಳ ನಡುವೆ ಇರುವ ಕಿರಣಗಳಿಗೆ ಅಂಥ ತಡೆಯಿಲ್ಲ. ಓಜೋನು ಹೀರುವ ಒಂದು ಪಟ್ಟಿಯನ್ನು ಬಿಟ್ಟರೆ ಅವು ನೇರವಾಗಿ ಬಾಹ್ಯಾಕಾಶಕ್ಕೆ ಪಾರಾಗುತ್ತವೆ. ಭೂಮಿಯ ಸರಾಸರಿ ಉಷ್ಣತೆಯಲ್ಲಿರುವ ವಸ್ತು ಅತಿ ಹೆಚ್ಚು ಸೂಸುವುದು ಸರಿಸುಮಾರು 10 ಮೈಕ್ರಾನಿನಲ್ಲಿ. ಅಂದರೆ ಕಿಟಕಿ ಇರುವುದು ಎಲ್ಲಿ ಬೇಕೋ ಅಲ್ಲೇ.

ಈ ಕಿಟಕಿಯನ್ನು ಕಾಣಲು ಉಪಕರಣ ಬೇಡ. ಚಳಿಗಾಲದ ನಿರ್ಮಲ ರಾತ್ರಿ ಕಳೆದ ಮೇಲೆ ಬೆಳಿಗ್ಗೆ ಅಂಗಳಕ್ಕೆ ಹೋದರೆ ಬಯಲಿನ ಹುಲ್ಲೆಲ್ಲ ಇಬ್ಬನಿಯಿಂದ ತೊಯ್ದಿರುತ್ತದೆ. ಪಕ್ಕದ ಮಾವಿನ ಮರದಡಿಯ ಹುಲ್ಲು ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ಬಯಲಿನ ಹುಲ್ಲಿಗೆ ಆಕಾಶದ ಕಿಟಕಿ ತೆರೆದಿತ್ತು, ಅದು ಶಾಖ ಕಳೆದುಕೊಂಡು ತಣಿಯಿತು. ಮರದಡಿಯ ಹುಲ್ಲಿಗೆ ಎಲೆಗಳು ತೆರೆ ಎಳೆದಿದ್ದವು. ಮೋಡ ಕವಿದ ರಾತ್ರಿ ಸೆಕೆ ಎನಿಸುವುದಕ್ಕೂ ಇದೇ ಕಾರಣ. ಹದಿನೆಂಟನೆಯ ಶತಮಾನದಲ್ಲಿ ಅಲಹಾಬಾದಿನ ಕಡೆ ಹುಲ್ಲು ಹಾಸಿದ ಗುಂಡಿಗಳಲ್ಲಿ ಮಣ್ಣಿನ ತಟ್ಟೆಗಳಿಟ್ಟು, ನೀರು ತುಂಬಿ, ಗಾಳಿಯ ಉಷ್ಣತೆ ಸೊನ್ನೆಗಿಂತ ಮೇಲಿದ್ದ ರಾತ್ರಿಗಳಲ್ಲೂ ಮಂಜುಗಡ್ಡೆ ತಯಾರಿಸುತ್ತಿದ್ದರು. 1775ರಲ್ಲಿ ರಾಬರ್ಟ್ ಬಾರ್ಕರ್ ಎಂಬಾತ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದ. ಆವಿಯಾಗುವಿಕೆಯ ಜೊತೆಗೆ ಆ ಕುಶಲಿಗಳಿಗೆ ನೆರವಾದದ್ದು ಆಕಾಶದ ಈ ಕಿಟಕಿ.

ಇದಕ್ಕೆ ಕುತ್ತು ಬಂದದ್ದು ತಂಗಳುಪೆಟ್ಟಿಗೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದ ವೀರಭದ್ರನ್ ರಾಮನಾಥನ್ ಅದಕ್ಕೂ ಮೊದಲು ಸಿಕಂದರಾಬಾದಿನ ತಂಗಳುಪೆಟ್ಟಿಗೆ ಕಾರ್ಖಾನೆಯೊಂದರಲ್ಲಿ ಅನಿಲ ಸೋರಿಕೆ ತಡೆಯುವ ಕೆಲಸದಲ್ಲಿದ್ದರು. ಆ ಅನಿಲಗಳೇ ಕ್ಲೋರೋಫ್ಲೋರೋ ಕಾರ್ಬನ್ನುಗಳು. ಅವು ಓಜೋನ್ ಪದರವನ್ನು ತಿನ್ನಬಲ್ಲವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಹೇಳಿದ್ದರು. ಮರುವರ್ಷ, 1975ರಲ್ಲಿ, ಅವು ಭೂಮಿಯನ್ನು ಬಿಸಿಯೂ ಮಾಡಬಲ್ಲವೆಂದು ರಾಮನಾಥನ್ ಲೆಕ್ಕ ಹಾಕಿ ತೋರಿಸಿದರು. ಕಾರಣ, ಅವು ಶಾಖವನ್ನು ಹೀರುವುದು ಇದೇ 8ರಿಂದ 13 ಮೈಕ್ರಾನುಗಳ ಕಿಟಕಿಯಲ್ಲಿ. ಇಂಗಾಲದ ಡೈಆಕ್ಸೈಡಿನ ಹೊಸ ಅಣು ಬಹುಮಟ್ಟಿಗೆ ಇರುವ ಗೋಡೆಗೇ ಇನ್ನೊಂದು ಇಟ್ಟಿಗೆ. ಈ ಅನಿಲದ ಅಣುವಾದರೋ ತೆರೆದ ಕಿಟಕಿಗೆ ಇಟ್ಟ ಇಟ್ಟಿಗೆ. ಅದಕ್ಕೇ ಇಂಥ ಒಂದು ಅಣು ಇಂಗಾಲದ ಡೈಆಕ್ಸೈಡಿನ ಹತ್ತು ಸಾವಿರಕ್ಕೂ ಹೆಚ್ಚು ಅಣುಗಳಿಗೆ ಸಮ. ಹಾಗೆಂದು ಇಂಗಾಲದ ಡೈಆಕ್ಸೈಡು ನಿರಪರಾಧಿಯಲ್ಲ. ಅದರ ಮೊತ್ತವೇ ಅಪಾರವಾದ್ದರಿಂದ ಭೂತಾಪದ ದೊಡ್ಡ ಪಾಲು ಅದರದೇ.

1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಜಗತ್ತು 2010ರ ಹೊತ್ತಿಗೆ ಕ್ಲೋರೋಫ್ಲೋರೋ ಕಾರ್ಬನ್ನುಗಳ ತಯಾರಿಕೆಯನ್ನು ಬಹುತೇಕ ನಿಲ್ಲಿಸಿತು. ಅವುಗಳ ಜಾಗಕ್ಕೆ ಬಂದ ಹೈಡ್ರೋಫ್ಲೋರೋ ಕಾರ್ಬನ್ನುಗಳು ಓಜೋನನ್ನು ಕೆಡಿಸುವುದಿಲ್ಲ, ಆದರೆ ಶಾಖದ ಕಿಟಕಿಗೆ ಅಡ್ಡ ನಿಲ್ಲುತ್ತವೆ. ಅವನ್ನೂ ಇಳಿಸಬೇಕೆಂದು 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದವಾಯಿತು. ಮನೆಯ ಹಳೆಯ ಎ.ಸಿ. ಯಂತ್ರದ ಅನಿಲವನ್ನು ರಿಪೇರಿಯ ನೆಪದಲ್ಲಿ ಗಾಳಿಗೆ ಬಿಡಬಾರದು ಎನ್ನುವುದು ಇದಕ್ಕೇ. ಒಂದು ಕೋಣೆಯನ್ನು ತಂಪು ಮಾಡಲು ಭೂಮಿಯ ಕಿಟಕಿ ಮುಚ್ಚಿದಂತಾಗುತ್ತದೆ.

ಹೆಸರು ಕಿಟಕಿ, ಕೆಲಸ ಕತ್ತಲೆ

ಎಲ್ಲ ಕಿಟಕಿಯೂ ಬೆಳಕು ಕೊಡುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಒಂದು ಗುಟ್ಟಿನ ಅಸ್ತ್ರಕ್ಕೆ ವಿಂಡೋ ಎಂದು ಹೆಸರಿಟ್ಟಿದ್ದರು. ಶತ್ರುವಿನ ರಡಾರ್ ಅಲೆಯ ಅರ್ಧದಷ್ಟು ಉದ್ದಕ್ಕೆ ಕತ್ತರಿಸಿದ ಅಲ್ಯುಮಿನಿಯಂ ಹೊದಿಸಿದ ಕಾಗದದ ಪಟ್ಟಿಗಳು ಅವು. ಅವನ್ನು ವಿಮಾನದಿಂದ ಕಂತೆ ಕಂತೆಯಾಗಿ ಎಸೆದರೆ ರಡಾರ್ ಪರದೆಯ ತುಂಬ ಸುಳ್ಳು ವಿಮಾನಗಳು. ಜರ್ಮನರಿಗೂ ಈ ಉಪಾಯ ಗೊತ್ತಿತ್ತು. ತಾವು ಬಳಸಿದರೆ ಎದುರಾಳಿ ಕಲಿತುಬಿಡುತ್ತಾನೆಂದು ಇಬ್ಬರೂ ಬಚ್ಚಿಟ್ಟುಕೊಂಡಿದ್ದರು. ಕೊನೆಗೆ 1943ರ ಜುಲೈ 24ರ ರಾತ್ರಿ ಹ್ಯಾಂಬರ್ಗಿನ ಮೇಲೆ ಬ್ರಿಟಿಷರು ಅದನ್ನು ಚೆಲ್ಲಿದರು. ಹೊರಟ 791 ವಿಮಾನಗಳಲ್ಲಿ ಕಳೆದುಕೊಂಡದ್ದು ಕೇವಲ 12. ಆ ವಾರದ ದಾಳಿಗಳಲ್ಲಿ ಊರಿನ ಹತ್ತಾರು ಸಾವಿರ ನಾಗರಿಕರು ಬೆಂದುಹೋದರು.

ಕತ್ತಲೆಯ ಇನ್ನೊಂದು ಕಿಟಕಿ ರಕ್ತಪರೀಕ್ಷೆಯಲ್ಲಿದೆ. ಎಚ್‌ಐವಿ ಸೋಂಕು ತಗುಲಿದ ದಿನದಿಂದ ಅದು ಪರೀಕ್ಷೆಯಲ್ಲಿ ಗೋಚರಿಸುವ ದಿನದವರೆಗಿನ ಕಾಲವನ್ನು ವೈದ್ಯರು ವಿಂಡೋ ಪೀರಿಯಡ್ ಎನ್ನುತ್ತಾರೆ. ಕನ್ನಡದಲ್ಲಿ ಗವಾಕ್ಷಿ ಅವಧಿ. ಹೆಸರು ಕೇಳಿದವರಿಗೆ ಆಗ ಏನೋ ಕಾಣುತ್ತದೆ ಎನಿಸಬಹುದು. ನಿಜ ಅದಕ್ಕೆ ತದ್ವಿರುದ್ಧ. ಆ ಅವಧಿಯಲ್ಲಿ ಪರೀಕ್ಷೆಗೆ ಏನೂ ಕಾಣುವುದಿಲ್ಲ. ಸಾಮಾನ್ಯ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಸಾಕಷ್ಟು ತಯಾರಾಗಲು 23ರಿಂದ 90 ದಿನ ಹಿಡಿಯಬಹುದು. ವೈರಸ್ಸಿನ ಅಂಶವನ್ನೂ ಹುಡುಕುವ ಪ್ರಯೋಗಾಲಯದ ಪರೀಕ್ಷೆಗೆ 18ರಿಂದ 45 ದಿನ ಸಾಕು. ವೈರಸ್ಸಿನ ನ್ಯೂಕ್ಲಿಯಿಕ್ ಆಮ್ಲವನ್ನೇ ಹಿಡಿಯುವ ಪರೀಕ್ಷೆಗೆ 10ರಿಂದ 33 ದಿನ. ಕಿಟಕಿ ಕಿರಿದಾಗಿದೆ, ಪೂರ್ತಿ ಮುಚ್ಚಿಲ್ಲ.

ಈ ಅವಧಿಯಲ್ಲಿ ವರದಿ ನೆಗೆಟಿವ್, ರಕ್ತದಲ್ಲಿ ಮಾತ್ರ ವೈರಸ್ಸು ಹೇರಳ. ಆ ರಕ್ತವನ್ನು ದಾನ ಮಾಡಿದರೆ ಪಡೆದವರಿಗೆ ಸೋಂಕು ತಗಲುತ್ತದೆ. ಭಾರತದಲ್ಲಿ ದಾನದ ರಕ್ತಕ್ಕೆಲ್ಲ ಎಚ್‌ಐವಿ ಪರೀಕ್ಷೆ ಕಡ್ಡಾಯ, ಹಣಕ್ಕಾಗಿ ರಕ್ತ ಮಾರುವುದು 1998ರ ಜನವರಿ 1ರಿಂದ ನಿಷಿದ್ಧ. ಆದರೂ ಈ ಕಿಟಕಿಯನ್ನು ಕಾಯಬಲ್ಲವನು ಕೊನೆಗೆ ದಾನಿಯೊಬ್ಬನೇ. ಅನುಮಾನವಿದ್ದವರು ಪರೀಕ್ಷೆ ಹೇಗೂ ಆಗುತ್ತದಲ್ಲ ಎಂದು ರಕ್ತದಾನಕ್ಕೆ ಹೋಗಬಾರದು. ಸರ್ಕಾರಿ ಆಸ್ಪತ್ರೆಗಳ ಸಮಾಲೋಚನಾ ಕೇಂದ್ರಗಳಲ್ಲಿ ಗೋಪ್ಯವಾಗಿ, ಉಚಿತವಾಗಿ ಪರೀಕ್ಷೆ ಮಾಡುತ್ತಾರೆ. ಶಿಬಿರದಲ್ಲಿ ವೈದ್ಯರು ಕೇಳುವ ಮುಜುಗರದ ಪ್ರಶ್ನೆಗಳು ದಾನಿಯನ್ನು ಅವಮಾನಿಸಲಿಕ್ಕಲ್ಲ. ಯಂತ್ರಕ್ಕೆ ಕಾಣದ್ದನ್ನು ಕೇಳಿ ತಿಳಿಯಲಿಕ್ಕೆ.

ತೆರೆದು ಮುಚ್ಚುವ ಕಾಲ

ಇದು ಕಾಯಬೇಕಾದ ಕಿಟಕಿಯಾದರೆ ಓಡಬೇಕಾದ ಕಿಟಕಿಯೂ ವೈದ್ಯಕೀಯದಲ್ಲಿದೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದಾಗ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಲಾಭ. ಬಾಯಿ ಸೊಟ್ಟಗಾದದ್ದು, ಕೈ ಸೋತದ್ದು, ಮಾತು ತೊದಲಿದ್ದು ಎಷ್ಟು ಗಂಟೆಗೆ ಎಂದು ವೈದ್ಯರು ಮೊದಲು ಕೇಳುವುದು ಅದಕ್ಕೇ. ಬೆಳಿಗ್ಗೆ ನೋಡೋಣ ಎಂದು ಮಲಗಿಸಿದರೆ ಈ ಕಿಟಕಿ ಮುಚ್ಚಿಹೋಗುತ್ತದೆ, ಮತ್ತೆ ತೆರೆಯುವುದಿಲ್ಲ.

ಮತ್ತೆ ತೆರೆಯುವ ಕಿಟಕಿಗಳೂ ಉಂಟು. ಭೂಮಿ ಸೂರ್ಯನನ್ನು 365 ದಿನದಲ್ಲಿ ಸುತ್ತಿದರೆ ಮಂಗಳ 687 ದಿನದಲ್ಲಿ ಸುತ್ತುತ್ತದೆ. ಕಡಿಮೆ ಇಂಧನದಲ್ಲಿ ನೌಕೆ ಕಳುಹಿಸಲು ಅನುಕೂಲವಾದ ಸ್ಥಾನಗಳಿಗೆ ಎರಡೂ ಬರುವುದು ಸುಮಾರು 26 ತಿಂಗಳಿಗೊಮ್ಮೆ. ಅದೇ ಉಡಾವಣಾ ಕಿಟಕಿ. ಮಂಗಳಯಾನ 2013ರ ಅಕ್ಟೋಬರ್ 28ರಂದು ಹೊರಡಬೇಕಿತ್ತು. ರಾಕೆಟ್ಟಿನ ಮೇಲೆ ಕಣ್ಣಿಡಬೇಕಿದ್ದ ಹಡಗು ಪೆಸಿಫಿಕ್ ಸಾಗರದ ಕೆಟ್ಟ ಹವೆಗೆ ಸಿಕ್ಕಿ ತಡವಾಯಿತು. ಕಿಟಕಿ ನವೆಂಬರ್ 19ರವರೆಗೆ ತೆರೆದಿದ್ದುದರಿಂದ ನವೆಂಬರ್ 5ರಂದು ಶ್ರೀಹರಿಕೋಟದಿಂದ ಹೊರಟಿತು. ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದ ಆಣತಿಯಂತೆ ಡಿಸೆಂಬರ್ 1ರ ನಡುರಾತ್ರಿ ದಾಟಿದ ಮೇಲೆ ಭೂಮಿಯ ಬಂಧ ಕಳಚಿಕೊಂಡು, 2014ರ ಸೆಪ್ಟೆಂಬರ್ 24ರಂದು ಮಂಗಳವನ್ನು ಸೇರಿತು. ಅಮೆರಿಕದ ಇನ್‌ಸೈಟ್ ನೌಕೆಗೆ ಈ ಅದೃಷ್ಟ ಇರಲಿಲ್ಲ. ಉಪಕರಣವೊಂದರ ಸೋರಿಕೆಯಿಂದ 2016ರ ಮಾರ್ಚಿನ ಕಿಟಕಿ ತಪ್ಪಿ, ಅದು ಹೊರಟದ್ದು 2018ರ ಮೇ 5ರಂದು.

ಕಂಪ್ಯೂಟರ್ ತೆರೆಯ ಮೇಲಿನ ಕಿಟಕಿಗಳು 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಕ್ಯಾಲಿಫೋರ್ನಿಯಾದ ಸಂಶೋಧನಾಲಯದಲ್ಲಿ ರೂಪುಗೊಂಡವು. 1985ರಲ್ಲಿ ಮೈಕ್ರೋಸಾಫ್ಟ್ ಅದನ್ನೇ ಬಹುವಚನ ಮಾಡಿ ವಿಂಡೋಸ್ ಎಂಬ ಸರಕಿನ ಹೆಸರಾಗಿಸಿತು. ಸರ್ಕಾರಿ ಭಾಷೆಯಲ್ಲಿ ಏಕಗವಾಕ್ಷಿ ಪದ್ಧತಿ ಎಂಬುದೊಂದಿದೆ. ಹತ್ತು ಕಚೇರಿ ಅಲೆಯುವ ಬದಲು ಒಂದೇ ಕಡೆ ಕೆಲಸ ಆಗಲಿ ಎಂಬುದು ಆಶಯ. ಗವಾಕ್ಷಿ ಒಂದೇ ಆದರೂ ಅದರ ಮುಂದಿನ ಸಾಲು ಕೆಲವೊಮ್ಮೆ ಹತ್ತು ಕಚೇರಿಯಷ್ಟು ಉದ್ದವಿರುತ್ತದೆ, ಆ ಮಾತು ಬೇರೆ.

ಗಾಳಿಗಣ್ಣಿನಿಂದ ಹೊರಟ ಪದ ಇಷ್ಟು ದೂರ ಬಂದಿದೆ. ಎಲ್ಲಿಗೆ ಹೋದರೂ ಮೇಸ್ತ್ರಿಯ ಪ್ರಶ್ನೆ ಅದರ ಬೆನ್ನು ಬಿಟ್ಟಿಲ್ಲ: ಕಿಟಕಿ ಎಲ್ಲಿ, ಅಳತೆ ಎಷ್ಟು? ವೈದ್ಯರೋ ವಿಜ್ಞಾನಿಯೋ ಈ ಪದವನ್ನು ಆಡಿದಾಗ ಅದರಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ. ಗೋಡೆ ಎದ್ದ ಮೇಲೆ ಕಿಟಕಿ ಕೊರೆಯುವುದು ಕಷ್ಟದ ಕೆಲಸ.